ವಿಮಾನ ಹಾರಿಸಿದವರಿಗೆ ಆಟೋಜೈರೋ ಸುಲಭವೇ? ಅನುಭವ ಇದ್ದವರು ಹೇಳಿ

ಕೇಳಿದ್ದು: ಜಕ್ಕೂರಿನಲ್ಲಿ ಸೆಸ್ನಾದಲ್ಲಿ ಕಲಿತು, ಆಮೇಲೆ ವರ್ಷಗಟ್ಟಲೆ ಏರ್‌ಬಸ್ ಹಾರಿಸಿದವನು ನಾನು. ಈಗ ರಿಟೈರ್ಡ್. ಮಗಳು ಸ್ಪೇನ್‌ನಲ್ಲಿದ್ದಾಳೆ, ಅಲ್ಲಿ ಹೋದಾಗ ಆಟೋಜೈರೋ, ಅಂದರೆ ತಲೆಯ ಮೇಲೆ ರೋಟರ್ (ತಿರುಗುವ ರೆಕ್ಕೆ) ಇರುವ ಪುಟ್ಟ ಹಾರುವ ಗಾಡಿ, ಕಲಿಯುವ ಆಸೆ. ಇಷ್ಟು ಹಾರಿಸಿದ ಮೇಲೆ ಇದೇನು ಮಹಾ, ಅಲ್ವಾ?

ಮಲ್ಲೇಶ್ವರದಿಂದ: ಕ್ಯಾಪ್ಟನ್ ಸಾರ್, ನಾನೂ ವಿಮಾನದಿಂದಲೇ ಈ ಕಡೆ ಬಂದವನು. ತೊಂದರೆ ಇರುವುದು ನಮ್ಮ ಪಳಗಿದ ಕೈಯಲ್ಲೇ. ಹಾರುವಾಗ ಮೇಲಿನ ರೋಟರ್‌ಗೆ ಎಂಜಿನ್ ಬಲ ಇಲ್ಲ. ಹಿಂದಿನ ಪ್ರೊಪೆಲ್ಲರ್ ಗಾಡಿಯನ್ನು ಮುಂದೆ ತಳ್ಳುತ್ತದೆ. ಕೆಳಗಿನಿಂದ ನುಗ್ಗುವ ಗಾಳಿಗೆ ರೋಟರ್ ತಾನಾಗಿ ತಿರುಗುತ್ತದೆ. ಅದರ ಮೇಲೆ ಗಾಡಿಯ ಭಾರ ಜೋತುಬಿದ್ದಿರುವ ತನಕ ಮಾತ್ರ ಈ ಆಟ. ವೇಗ ಬಿದ್ದರೆ ಸ್ಟಿಕ್ (ಮೂತಿ ಏರಿಸಿ ಇಳಿಸುವ ಹಿಡಿಕೋಲು) ಮುಂದಕ್ಕೆ ತಳ್ಳುವುದು ನಮ್ಮ ಅಭ್ಯಾಸ. ಇಲ್ಲಿ ರಪ್ಪನೆ ತಳ್ಳಿದರೆ ಭಾರ ಕಳಚಿ ರೋಟರ್ ಸುತ್ತು ಇಳಿದುಹೋಗುತ್ತದೆ, ಪ್ರೊಪೆಲ್ಲರ್ ತಳ್ಳುತ್ತಲೇ ಇರುತ್ತದೆ, ಗಾಡಿ ಮುಂದಕ್ಕೆ ಮಗುಚುತ್ತದೆ. ಮಗುಚಿದ ಮೇಲೆ ಮಾಡುವುದಕ್ಕೆ ಏನೂ ಉಳಿದಿರುವುದಿಲ್ಲ. ಎಂಜಿನ್ ನಿಂತರೆ ಮೂತಿ ಇಳಿಸಲೇಬೇಕು, ಆದರೆ ಮೆಲ್ಲಗೆ. ಗಾಡಿ ಮೇಲೆ ಕೆಳಗೆ ತೂಗಾಡಲು ಶುರುವಾದರೆ ಸ್ಟಿಕ್ ಜೊತೆ ಗುದ್ದಾಡಬೇಡಿ, ಮೊದಲು ಥ್ರಾಟಲ್ (ಎಂಜಿನ್ ಬಲ) ಇಳಿಸಿ.

ಯಲಹಂಕದಿಂದ: ನೆಲದ ಮೇಲಿನ ಪಾಠವನ್ನೂ ಸೇರಿಸುತ್ತೇನೆ. ಓಟಕ್ಕೆ ಮೊದಲೇ ರೋಟರ್ ತಿರುಗಿಸಿಕೊಡುವ ಪ್ರೀರೊಟೇಟರ್ ಸಾಧನದಿಂದ ಅದನ್ನು ಸುತ್ತಿಸಿಕೊಂಡು, ಸ್ಟಿಕ್ ಹಿಂದಕ್ಕೆ ಹಿಡಿದು ಓಡಬೇಕು. ಸುತ್ತು ಸಾಲದೆ ವೇಗ ಜಾಸ್ತಿ ಮಾಡಿದರೆ ಬ್ಲೇಡುಗಳು ಬಡಿದಾಡಿ ಗಾಡಿ ಅಲ್ಲೇ ಹಾಳು. ಇಳಿಯುವಾಗ ಹಲವು ಮಾದರಿಗಳಲ್ಲಿ ಮುಂದಿನ ಚಕ್ರ ಪೆಡಲ್ ಜೊತೆಗೇ ತಿರುಗುತ್ತದೆ. ಅಡ್ಡಗಾಳಿಯಲ್ಲಿ ಪೆಡಲ್ ಒತ್ತಿಕೊಂಡೇ ಆ ಚಕ್ರ ನೆಲಕ್ಕಿಟ್ಟರೆ ಪಲ್ಟಿ. ರೋಟರ್ ನಿಲ್ಲುವ ಮೊದಲೇ ಹ್ಯಾಂಗರ್ ಕಡೆ ಅವಸರ ಮಾಡಬೇಡಿ.

ಮಾರತಹಳ್ಳಿಯಿಂದ: ಸ್ಟಾಲ್ (ವೇಗ ತೀರಾ ಇಳಿದು ರೆಕ್ಕೆ ಎತ್ತುವ ಬಲ ಕಳೆದುಕೊಳ್ಳುವುದು) ಕಾಟ ತಪ್ಪಿಸಲೆಂದೇ ಹುಟ್ಟಿದ ಗಾಡಿ ಇದು. ಸ್ಪೇನ್‌ನ ಹುವಾನ್ ದೆ ಲಾ ಸಿಯೆರ್ವಾ ಕಟ್ಟಿದ ಮೂರು ಎಂಜಿನ್ ವಿಮಾನ 1919ರಲ್ಲಿ ಸ್ಟಾಲ್ ಆಗಿ ಬಿತ್ತು. 1923ರಲ್ಲಿ ಅವರ ಆಟೋಜೈರೋ ಹಾರಿತು. ವಿಚಿತ್ರ ನೋಡಿ, 1936ರಲ್ಲಿ ಅವರು ತೀರಿಕೊಂಡಿದ್ದು ಕ್ರಾಯ್ಡನ್‌ನಲ್ಲಿ, ಮಾಮೂಲಿ ವಿಮಾನದ ಪ್ರಯಾಣಿಕರಾಗಿ. ಆದರೂ ಸ್ಟಾಲ್ ಇಲ್ಲ ಅಂತ ಮೈಮರೆಯಬೇಡಿ. ವೇಗ ಕಳೆದುಕೊಂಡರೆ ಗಾಡಿ ಸುಮ್ನೆ ಇಳಿಯುತ್ತಾ ಹೋಗುತ್ತದೆ. ವೇಗ ವಾಪಸ್ ಪಡೆಯಲು ಎತ್ತರ ಬೇಕು, ನೆಲ ಹತ್ತಿರ ಇದ್ದರೆ ಕಷ್ಟ.

ಕೇಳಿದವರು: ಹಾಗಾದರೆ ನನ್ನ ಗಂಟೆಗಳೆಲ್ಲ ಲೆಕ್ಕಕ್ಕೇ ಇಲ್ವಾ?

ಮಲ್ಲೇಶ್ವರದಿಂದ: ಇವೆ ಸಾರ್. ರೇಡಿಯೋ, ಹವೆ, ದಾರಿ ಲೆಕ್ಕ ಯಾವುದನ್ನೂ ಹೊಸದಾಗಿ ಕಲಿಯಬೇಕಿಲ್ಲ. ವಿಮಾನದವರಿಗೆ ಕಲಿಸಿ ಅಭ್ಯಾಸ ಇರುವ ಗುರುವನ್ನೇ ಹುಡುಕಿ. ಎರಡು ಸೀಟಿನ ಗಾಡಿಯಲ್ಲೇ ಕಲಿಯಿರಿ. ಹಳೆಯ ಒಂಟಿ ಸೀಟಿನದು ತಂದು ತಾವೇ ಕಲಿಯುವ ಹಟ ಮಾತ್ರ ಬೇಡ.

ಯಲಹಂಕದಿಂದ: ಅಲ್ಲಿ ಕಲಿತ ಮಾತ್ರಕ್ಕೆ ಇಲ್ಲಿ ಹಾರಿಸಬಹುದು ಅಂದುಕೊಳ್ಳಬೇಡಿ. ಕೊಳ್ಳುವ ಮೊದಲು ನಾಗರಿಕ ವಿಮಾನಯಾನದ ನಿಯಂತ್ರಕರಾದ ಡಿಜಿಸಿಎಯಲ್ಲಿ ವಿಚಾರಿಸಿ. ನಮ್ಮೂರು ಸುಮಾರು 3,000 ಅಡಿ ಎತ್ತರದಲ್ಲಿದೆ, ಏಪ್ರಿಲ್ ಮಧ್ಯಾಹ್ನದ ಗಾಳಿ ಇನ್ನೂ ತೆಳು. ಸಮುದ್ರಮಟ್ಟದಲ್ಲಿ ಚೆನ್ನಾಗಿ ಏರಿದ ಗಾಡಿ ಇಲ್ಲಿ ಇಬ್ಬರನ್ನು ಕೂರಿಸಿಕೊಂಡು ತಿಣುಕುತ್ತದೆ. ತೆಳು ಗಾಳಿಯಲ್ಲೂ ಬಲ ಉಳಿಸಿಕೊಳ್ಳುವ ಟರ್ಬೋ ಇರುವ ರೋಟಾಕ್ಸ್ 914 ಎಂಜಿನ್‌ನದು ಸಿಕ್ಕರೆ ಅದನ್ನೇ ನೋಡಿ.