ಅಮ್ಮನಿಗೆ ವೃದ್ಧಾಶ್ರಮದಲ್ಲಿ ಬೆಡ್ ಸೋರ್ (ಒಂದೇ ಕಡೆ ಮಲಗಿ, ಕೂತು ಆಗುವ ಹುಣ್ಣು) ಆಗಿದೆ. ಜಗಳ ಆಡದೆ ಸರಿ ಮಾಡಿಸೋದು ಹೇಗೆ?

ಕುವೆಂಪುನಗರದ ಮಗಳು ಕೇಳಿದ್ದು:

ನಮ್ಮಮ್ಮನಿಗೆ 82. ಎರಡು ವರ್ಷದ ಹಿಂದೆ ಲಕ್ವ ಹೊಡೆದು ಎಡಗಡೆ ಬಿದ್ದುಹೋಯಿತು. ನಾನಿರೋದು ಬೆಂಗಳೂರಲ್ಲಿ, ಎರಡನೇ ಮಹಡಿ, ಲಿಫ್ಟ್ ಇಲ್ಲ. ಹಾಗಾಗಿ ಮೈಸೂರಿನ ಹೊರಗಿರುವ ಒಂದು ಆಶ್ರಮದಲ್ಲಿ ಬಿಟ್ಟಿದ್ದೇವೆ. ತಿಂಗಳಿಗೆ 28,000. ಡೈಪರ್, ಔಷಧಿ ಬೇರೆ.

ಹದಿನೈದು ದಿನಕ್ಕೊಮ್ಮೆ ಭಾನುವಾರ ಹೋಗುತ್ತೇನೆ. ಹೋದಾಗೆಲ್ಲ ಅಮ್ಮ ಇಸ್ತ್ರಿ ಸೀರೆ ಉಟ್ಟು, ತಲೆ ಬಾಚಿಸಿಕೊಂಡು ವೀಲ್ ಚೇರ್‌ನಲ್ಲಿ ಕೂತಿರುತ್ತಾಳೆ. ಎಲ್ಲ ಚೆನ್ನಾಗಿದೆ ಅಂದುಕೊಂಡಿದ್ದೆ. ಹೋದ ವಾರ ಸೀರೆ ಬದಲಿಸೋಕೆ ನಾನೇ ಕೈ ಹಾಕಿದೆ. ಸೊಂಟದ ಕೆಳಗೆ, ಬಾಲಮೂಳೆ ಹತ್ತಿರ, ರೂಪಾಯಿ ನಾಣ್ಯದಷ್ಟು ಚರ್ಮ ಕಿತ್ತುಹೋಗಿದೆ. ಮೇಲೆ ಪೌಡರ್ ಮೆತ್ತಿದ್ದಾರೆ.

ಮೇನೇಜರನ್ನ ಕೇಳಿದರೆ "ವಯಸ್ಸಾದವರಿಗೆ ಇದೆಲ್ಲ ಸಹಜ ಮೇಡಂ" ಅಂದರು. ಅಮ್ಮ ನನ್ನ ಕೈ ಹಿಡಿದುಕೊಂಡು "ಹೇಳ್ಬೇಡ ಕಣೇ, ನೀನು ಹೋದ್ಮೇಲೆ ನಾನಿಲ್ಲೇ ಇರ್ಬೇಕಲ್ವಾ" ಅಂದಳು. ಆ ಮಾತು ಕೇಳಿ ನನಗೆ ಊಟ ಸೇರಲಿಲ್ಲ.

ಅಲ್ಲಿ 22 ಜನ ಇದ್ದಾರೆ. ಅದರಲ್ಲಿ 9 ಜನ ಹಾಸಿಗೆ ಹಿಡಿದವರು. ಹಗಲು ಮೂವರು ಆಯಾ, ರಾತ್ರಿ ಒಬ್ಬಳೇ. ಬೇರೆ ಕಡೆ ಸೇರಿಸೋದು ಸುಲಭ ಇಲ್ಲ, ಅಮ್ಮನಿಗೆ ಪಕ್ಕದ ಮಂಚದ ಅಜ್ಜಿ ಜೊತೆ ಸ್ನೇಹ ಆಗಿದೆ. ಏನು ಕೇಳಬೇಕು, ಹೇಗೆ ಕೇಳಬೇಕು, ಗೊತ್ತಿದ್ದವರು ಹೇಳಿ.

ಮಂಡ್ಯದವ್ನು:

ಮೊದಲು ಫೋಟೋ ತೆಗೆದಿಟ್ಟುಕೊಳ್ಳಿ, ತಾರೀಖು ಸಮೇತ. ಆಮೇಲೆ 14567ಕ್ಕೆ ಫೋನ್ ಮಾಡಿ. ಹಿರಿಯರ ಸಹಾಯವಾಣಿ, ಬೆಳಗ್ಗೆ 8ರಿಂದ ರಾತ್ರಿ 8ರವರೆಗೆ ಇರುತ್ತೆ, ದುಡ್ಡಿಲ್ಲ. 2007ರ ಹಿರಿಯ ನಾಗರಿಕರ ಕಾಯ್ದೆ ಅಂತ ಎಲ್ಲರೂ ಹೇಳುತ್ತಾರೆ. ಅದರಲ್ಲಿ ಜಾಸ್ತಿ ಇರೋದು ಮಕ್ಕಳಿಂದ ಜೀವನಾಂಶ ಕೊಡಿಸೋದರ ಬಗ್ಗೆ. ಸೇರಿಸುವಾಗ ನೀವು ಸಹಿ ಹಾಕಿದ ಕರಾರು ಪತ್ರ ಓದಿ ನೋಡಿ, ಏನು ಮಾಡ್ತೀವಿ ಅಂತ ಬರೆದುಕೊಟ್ಟಿದ್ದಾರೆ ಅಂತ.

ನಿವೃತ್ತ ಸಿಸ್ಟರ್:

ತಾಯಿ, ದೂರು ಆಮೇಲೆ. ಮೊದಲು ಹುಣ್ಣು. ನಾನು 31 ವರ್ಷ ವಾರ್ಡಲ್ಲಿ ಕೆಲಸ ಮಾಡಿದವಳು, ಆಮೇಲೆ ನಾಲ್ಕು ವರ್ಷ ಇಂಥದ್ದೇ ಒಂದು ಆಶ್ರಮದಲ್ಲಿದ್ದೆ.

ಚರ್ಮ ಕಿತ್ತಿದೆ ಅಂದರೆ ಡಾಕ್ಟರ್ ನೋಡಲೇಬೇಕು. ಪೌಡರ್ ನಿಲ್ಲಿಸಿ. ಕೆಂಪಾದ ಜಾಗ ಉಜ್ಜೋದು ಬೇಡ, ಎಣ್ಣೆ ತಿಕ್ಕೋದು ಬೇಡ. ಗಾಳಿ ತುಂಬಿದ ರಿಂಗ್ ಮೇಲೆ ಕೂರಿಸ್ತಾರಲ್ಲ, ಅದೂ ಬೇಡ, ಸುತ್ತಲಿನ ರಕ್ತ ಓಡಾಟ ನಿಂತುಹೋಗುತ್ತೆ. ಹುಣ್ಣು ಕಪ್ಪಾದರೆ, ವಾಸನೆ ಬಂದರೆ, ಜ್ವರ ಬಂದರೆ ಅವತ್ತೇ ಆಸ್ಪತ್ರೆ. ಮತ್ತೆ ಹಿಮ್ಮಡಿ ನೋಡಿದ್ರಾ? ಯಾರೂ ನೋಡಲ್ಲ. ಲಕ್ವ ಹೊಡೆದ ಕಡೆಯ ಹಿಮ್ಮಡಿ ಮೊದಲು ನೋಡಿ. ಮೀನಖಂಡದ ಕೆಳಗೆ ದಿಂಬು ಕೊಟ್ಟು ಹಿಮ್ಮಡಿ ಗಾಳಿಯಲ್ಲಿ ತೇಲಬೇಕು.

ಮಲಗಿದವರನ್ನ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು ಅಂತ ನಮಗೆ ಕಲಿಸಿದ್ದು. ಪೂರ್ತಿ ಮಗ್ಗುಲಲ್ಲ, ಬೆನ್ನಿಗೆ ದಿಂಬು ಕೊಟ್ಟು ಸ್ವಲ್ಪ ವಾಲಿಸಿದರೆ ಸಾಕು. ಏರ್ ಬೆಡ್ (ಪಂಪಿನಿಂದ ಗಾಳಿ ತುಂಬೋ ಹಾಸಿಗೆ) ಇದ್ದರೂ ಮಗ್ಗುಲು ಬದಲಿಸೋದು ತಪ್ಪಿದ್ದಲ್ಲ. ಏರ್ ಬೆಡ್ ಹಾಕಿಸಿದ್ದೇವೆ ಅಂತಾರೆ, ಹೋಗಿ ನೋಡಿದರೆ ಪಂಪಿನ ಪ್ಲಗ್ ತೆಗೆದು ಮೊಬೈಲ್ ಚಾರ್ಜಿಗೆ ಹಾಕಿರುತ್ತಾರೆ. ನಾನೇ ಕಣ್ಣಾರೆ ನೋಡಿದ್ದೇನೆ.

ಈಗ ರಾತ್ರಿ ಒಬ್ಬಳೇ ಇರೋ ಆಯಾದು ಲೆಕ್ಕ ಮಾಡಿ. ಹಾಸಿಗೆ ಹಿಡಿದವರು 9 ಜನ. ಡೈಪರ್ ನೋಡಿ, ಒರೆಸಿ, ಮಗ್ಗುಲು ಬದಲಿಸೋಕೆ ಒಬ್ಬರಿಗೆ ಹತ್ತು ನಿಮಿಷ ಅಂದರೂ ಒಂದು ಸುತ್ತಿಗೆ ಒಂದೂವರೆ ಗಂಟೆ. ಮುಗಿಯೋ ಹೊತ್ತಿಗೆ ಮುಂದಿನ ಸುತ್ತು ಶುರು. ಉಳಿದ ಅರ್ಧ ಗಂಟೆಯಲ್ಲಿ 13 ಜನರ ಬಾತ್‌ರೂಮು, ನೀರು, ಬೆಲ್ಲು. ದಪ್ಪ ಇರೋರನ್ನ ಒಬ್ಬಳೇ ತಿರುಗಿಸೋಕೂ ಆಗಲ್ಲ. ಆ ಹುಡುಗಿ ಕೆಟ್ಟವಳು ಅಂತ ನಾನು ಹೇಳಲ್ಲ. ಅವಳ ಕೈಲಿ ಆಗೋ ಕೆಲಸವೇ ಅಲ್ಲ ಅದು. ನೀವು ಕೇಳಬೇಕಾದ್ದು ಒಂದೇ: ರಾತ್ರಿಗೆ ಇನ್ನೊಬ್ಬಳು. ಹೊಸ ಟೀವಿ, ಸಿಸಿಟಿವಿ, ಗಾರ್ಡನ್ ಎಲ್ಲ ಆಮೇಲೆ.

ಮಗ್ಗುಲು ಬದಲಿಸಿದ ಚಾರ್ಟ್ ತೋರಿಸಿ ಅನ್ನಿ. ರಾತ್ರಿ ಹತ್ತು, ಹನ್ನೆರಡು, ಎರಡು, ನಾಲ್ಕು, ಎಲ್ಲ ಒಂದೇ ಪೆನ್ನಲ್ಲಿ, ಒಂದೇ ಉಸಿರಲ್ಲಿ ಟಿಕ್ ಹಾಕಿದ್ದರೆ ಅದು ಬೆಳಗ್ಗೆ ಕಾಫಿ ಕುಡಿಯುತ್ತಾ ಬರೆದದ್ದು. ಇನ್ನೊಂದು, ಭಾನುವಾರ ಹೋಗಬೇಡಿ. ಬುಧವಾರ ಬೆಳಗ್ಗೆ ಆರಕ್ಕೆ ಹೋಗಿ. ಇಸ್ತ್ರಿ ಸೀರೆ ಭಾನುವಾರಕ್ಕೆ ಮಾತ್ರ.

ಓಹಾಯೋ ಕನ್ನಡತಿ:

ಸಿಸ್ಟರ್ ಹೇಳಿದ್ದೆಲ್ಲ ನಿಜ. ನಾನು ಅಮೆರಿಕಾದಲ್ಲಿ ನರ್ಸಿಂಗ್ ಹೋಮಲ್ಲಿ ನರ್ಸ್ (ಇಲ್ಲಿ ಆ ಮಾತಿಗೆ ವಯಸ್ಸಾದವರು ಇರುವ ಜಾಗ ಅಂತಲೇ ಅರ್ಥ, ನಮ್ಮೂರಿನ ಸಣ್ಣ ಆಸ್ಪತ್ರೆ ಅಲ್ಲ). ಇಲ್ಲಿ ಎಲ್ಲ ಸರಿ ಇದೆ ಅಂದುಕೊಳ್ಳಬೇಡಿ, ರಾತ್ರಿ ಪಾಳಿಗೆ ಜನ ಇಲ್ಲಿಯೂ ಸಾಲಲ್ಲ. ಆದರೆ 1987ರಲ್ಲಿ ಒಂದು ಕಾನೂನು ಬಂತು. ಅದಕ್ಕೆ ಮುಂಚೆ ಬೀಳ್ತಾರೆ ಅಂತ ವಯಸ್ಸಾದವರನ್ನ ಕುರ್ಚಿಗೆ ಕಟ್ಟಿಹಾಕೋದು ಮಾಮೂಲಿ. ಈಗ ಸಿಬ್ಬಂದಿಯ ಅನುಕೂಲಕ್ಕೆ ಕಟ್ಟುವ ಹಾಗಿಲ್ಲ, ನಿದ್ದೆ ಬರೋ ಮಾತ್ರೆ ಕೊಟ್ಟು ಸುಮ್ಮನಾಗಿಸುವ ಹಾಗೂ ಇಲ್ಲ. ನಿಮ್ಮಮ್ಮನ ಮಾತ್ರೆ ಚೀಟಿ ಒಮ್ಮೆ ನೋಡಿ, ಹೊಸದಾಗಿ ಏನಾದರೂ ಸೇರಿದೆಯಾ ಅಂತ. ಮಂಪರಲ್ಲಿ ಇರೋರು ತಾವಾಗಿ ಹೊರಳಲ್ಲ.

ನೀವು ಅಲ್ಲಿ ಸುಲಭವಾಗಿ ಮಾಡಿಸಬಹುದಾದ್ದು ತೂಕ. ತಿಂಗಳಿಗೊಮ್ಮೆ ತೂಕ ನೋಡಿ ಬರೆದಿಡಲಿ. ಒಂದು ತಿಂಗಳಲ್ಲಿ ನೂರಕ್ಕೆ ಐದು ಭಾಗ ಇಳಿದರೆ ಇಲ್ಲಿ ನಾವು ಡಾಕ್ಟರಿಗೆ ಹೇಳಲೇಬೇಕು. 48 ಕೆಜಿ ಇದ್ದವರು 45.5ಕ್ಕೆ ಬಂದರೆ ಎಚ್ಚರ. ಊಟ ಸೇರದಿದ್ದರೆ ಹುಣ್ಣು ಮಾಯಲ್ಲ. ಬರೀ ಗಂಜಿ ಸಾಲದು, ಬೇಳೆ ಕಟ್ಟು, ಮೊಸರು, ತಿನ್ನೋರಾದರೆ ಮೊಟ್ಟೆ.

ಆಯಾ ಮಗ:

ನಮ್ಮಮ್ಮ ಇಂಥ ಕಡೆ ರಾತ್ರಿ ಡ್ಯೂಟಿ ಮಾಡ್ತಾರೆ. ಅವರು ಹೇಳಿದ್ದು ಬರೀತಿದ್ದೀನಿ. "ಒಂದು ರಾತ್ರಿಗೆ ಎರಡು ಜೊತೆ ಗ್ಲೌಸ್ ಕೊಡ್ತಾರೆ. ಒಂಬತ್ತು ಜನಕ್ಕೆ ಎರಡು ಜೊತೆ ಹೆಂಗೆ ಸಾಲುತ್ತೆ? ಡೈಪರ್ ಎಣಿಸಿ ಇಟ್ಟಿರ್ತಾರೆ, ಜಾಸ್ತಿ ತೆಗೆದ್ರೆ ಬೈತಾರೆ. ಮನೆಯವರು ಬಂದ್ರೆ ನಮ್ಮ ಹೆಸರು ಕೇಳಲ್ಲ, ಏಯ್ ಆಯಾ ಅಂತಾರೆ." ಹೋಗುವಾಗ ಒಂದು ಡಬ್ಬಿ ಗ್ಲೌಸ್ ತಗೊಂಡು ಹೋಗಿ ಮೇಡಂ. ಸ್ವೀಟ್ ಬಾಕ್ಸ್ ಬೇಡ.

ಕುವೆಂಪುನಗರದ ಮಗಳು (ಮೂರು ವಾರದ ನಂತರ):

ಎಲ್ಲರಿಗೂ ಥ್ಯಾಂಕ್ಸ್. ಬುಧವಾರ ಬೆಳಗ್ಗೆ ಆರಕ್ಕೆ ಹೋದೆ, ಹಿಂದಿನ ರಾತ್ರಿ ಹೋಟೆಲಲ್ಲಿ ಉಳಿದು. ಗೇಟ್ ತೆಗೆಯೋಕೆ ಹತ್ತು ನಿಮಿಷ ಆಯಿತು. ಚಾರ್ಟ್ ಇರಲೇ ಇಲ್ಲ. ಎಡ ಹಿಮ್ಮಡಿ ಕೆಂಪಾಗಿತ್ತು, ಒತ್ತಿದರೂ ಆ ಕೆಂಪು ಹೋಗಲಿಲ್ಲ, ಅಂದರೆ ಅಲ್ಲೂ ಹುಣ್ಣು ಶುರು. ಸಿಸ್ಟರ್, ನೀವು ಹೇಳದಿದ್ದರೆ ನೋಡುತ್ತಲೇ ಇರಲಿಲ್ಲ.

ಜಗಳ ಆಡಲಿಲ್ಲ. ಒಂದೂವರೆ ಗಂಟೆ ಲೆಕ್ಕವನ್ನ ಒಂದು ಹಾಳೆಯಲ್ಲಿ ಬರೆದು ಮೇನೇಜರ್ ಮುಂದೆ ಇಟ್ಟೆ. ಇನ್ನೊಬ್ಬಳಿಗೆ 15,000 ಆಗುತ್ತೆ, ಎಲ್ಲಿಂದ ತರಲಿ ಅಂದರು. 22 ಮನೆಗೆ ಹಂಚಿದರೆ ತಲಾ 682. ಅದನ್ನ ನಾವು ಯಾಕೆ ಕೊಡಬೇಕು ಅನ್ನೋದು ನ್ಯಾಯವಾದ ಪ್ರಶ್ನೆಯೇ, 28,000 ಆಗಲೇ ಕೊಡುತ್ತಿದ್ದೇವೆ. ಆದರೂ ಉಳಿದ ಮನೆಯವರ ನಂಬರ್ ಹುಡುಕಿ ಫೋನ್ ಮಾಡಿದೆ. ಹನ್ನೊಂದು ಮನೆ ಒಪ್ಪಿದೆ. ಮೂವರು ಫೋನ್ ಎತ್ತಲೇ ಇಲ್ಲ. ಒಬ್ಬರು "ನಮ್ಮಪ್ಪ ಅಲ್ಲಿದ್ದಾರೆ ಅಂತ ನಿಮಗೆ ಯಾರು ಹೇಳಿದ್ದು" ಅಂತ ರೇಗಿದರು. ಅರ್ಧ ದುಡ್ಡು ಮನೆಯವರು ಕೊಡೋದು, ಉಳಿದರ್ಧ ಆಶ್ರಮದವರೇ ಹಾಕಿಕೊಳ್ಳೋದು ಅಂತ ಮೇನೇಜರ್ ಬಾಯಲ್ಲಿ ಒಪ್ಪಿದ್ದಾರೆ. ಬರೆದು ಕೊಟ್ಟಿಲ್ಲ. ಸೋಮವಾರದಿಂದ ಒಬ್ಬ ಹುಡುಗಿ ಬರುತ್ತಿದ್ದಾಳೆ, ನಿಲ್ಲುತ್ತಾಳಾ ನೋಡಬೇಕು.

ಡಾಕ್ಟರ್ ಬಂದು ಡ್ರೆಸ್ಸಿಂಗ್ ಶುರು ಮಾಡಿದರು. ಹುಣ್ಣಿನ ಅಂಚು ಗುಲಾಬಿ ಆಗಿದೆ. ಗ್ಲೌಸ್ ಡಬ್ಬಿ ಕೊಟ್ಟಾಗ ರಾತ್ರಿ ಹುಡುಗಿ ಅದನ್ನ ಸೆರಗಿನಲ್ಲಿ ಮುಚ್ಚಿಕೊಂಡು ಒಳಗೆ ತಗೊಂಡು ಹೋದಳು.

ಈಗ ಇನ್ನೊಂದು ಪ್ರಶ್ನೆ. ಅಮ್ಮನಿಗೆ ಈಗ ಹಾಕಿರುವ ಏರ್ ಬೆಡ್‌ನ ಪಂಪ್ ರಾತ್ರಿಯೆಲ್ಲ ಗುಂಯ್ ಅನ್ನುತ್ತೆ, ನಿದ್ದೆ ಬರಲ್ಲ, ತೆಗೆಸು ಅಂತ ಅಮ್ಮ ಹಟ ಹಿಡಿದಿದ್ದಾಳೆ. ಪಕ್ಕದ ಅಜ್ಜಿಯದೂ ಅದೇ ದೂರು. ಶಬ್ದ ಕಮ್ಮಿ ಇರೋದು ಯಾವುದಾದರೂ ನೀವು ಬಳಸಿದ್ದೀರಾ?