ಒಂದೇ ಗಾಳಿ, ಎರಡು ಪರದೆ, ಎರಡು ಲೆಕ್ಕ

ಪ್ರಶ್ನೆ (ಚಿತ್ರದುರ್ಗ): ನಮಸ್ಕಾರ ಸರ್. ನಾನು ಜೋಗಿಮಟ್ಟಿ ಕಡೆ ವಿಂಡ್‌ಮಿಲ್ ಸೆನ್ಸರ್ ರಿಪೇರಿ ಮಾಡೋನು. ನಮ್ಮ ಭಾವ ಕಾರವಾರದಲ್ಲಿ ಒಂದು ಹಾಯಿದೋಣಿ ನೋಡಿಕೊಳ್ಳುತ್ತಾರೆ. "ಗಾಳಿ ಮೀಟರ್ ನಿನ್ನ ಕೆಲಸ ಅಲ್ವಾ, ಬಾ" ಅಂತ ಕರೆದಿದ್ದಾರೆ. ಕಂಬದ ತುದಿಯ ಸೆನ್ಸರ್‌ನ ಹಳೇ ಡಿಸ್‌ಪ್ಲೇ ಎನ್‌ಎಂಇಎ 0183 (ದೋಣಿ ಉಪಕರಣಗಳು ಮಾತಾಡಿಕೊಳ್ಳೋ ಹಳೇ ಭಾಷೆ), ಹೊಸ ಪ್ಲಾಟರ್ (ನಕ್ಷೆ ತೋರಿಸೋ ಪರದೆ) ಎನ್‌ಎಂಇಎ 2000 (ಅದರ ಹೊಸ ರೂಪ), ನಡುವೆ ಒಂದು ಕನ್ವರ್ಟರ್. ದೋಣಿ ಕಟ್ಟಿದ್ದಾಗ ಎರಡೂ ಒಂದೇ ತೋರಿಸುತ್ತವೆ. ಹೊರಟ ಮೇಲೂ ಅಪರೆಂಟ್ ವಿಂಡ್ ಎರಡರಲ್ಲೂ 15 ನಾಟ್, 40 ಡಿಗ್ರಿ. ಟ್ರೂ ವಿಂಡ್ ಮಾತ್ರ ಹಳೇದರಲ್ಲಿ 11 ನಾಟ್, 60 ಡಿಗ್ರಿ. ಹೊಸದರಲ್ಲಿ 12 ನಾಟ್, 52 ಡಿಗ್ರಿ. ಕನ್ವರ್ಟರ್ ಕೆಟ್ಟಿದೆಯಾ?

ಉತ್ತರ: ಕನ್ವರ್ಟರ್ ಬಿಚ್ಚಬೇಡಿ. ಅದು ಕೆಟ್ಟಿದ್ದರೆ ಅಪರೆಂಟ್ ಗಾಳಿಯೇ ತಾಳೆಯಾಗುತ್ತಿರಲಿಲ್ಲ.

ಜೋಗಿಮಟ್ಟಿಯ ಕಂಬ ನಿಂತಲ್ಲೇ ನಿಂತಿರುತ್ತೆ. ದೋಣಿ ಓಡುತ್ತೆ. ಸೆನ್ಸರ್‌ಗೆ ತಾಗೋದು ಬೀಸೋ ಗಾಳಿ ಜೊತೆಗೆ ಓಟದ ಗಾಳಿ, ಅದೇ ಅಪರೆಂಟ್ ವಿಂಡ್. ಓಟದ ಪಾಲು ಕಳೆದರೆ ಸಿಗೋದೇ ಟ್ರೂ ವಿಂಡ್. ಪ್ರಶ್ನೆ ಇಷ್ಟೇ: ಯಾವ ವೇಗ ಕಳೆಯೋದು? 15 ನಾಟ್, 40 ಡಿಗ್ರಿಯಲ್ಲಿ 6 ನಾಟ್ ಕಳೆದರೆ ನಿಮ್ಮ ಹಳೇ ಪರದೆಯ ಅಂಕಿ ಬರುತ್ತೆ. 4 ನಾಟ್ ಕಳೆದರೆ ಹೊಸದರದ್ದು. ಆ ಹೊತ್ತಿಗೆ ನೀರಿನ ವೇಗ (ನೀರಿಗೆ ಹೋಲಿಸಿದರೆ ದೋಣಿ ಓಡೋ ವೇಗ) ಅಳೆಯೋ ದೋಣಿಯ ತಳದ ಚಕ್ರ 6, ನೆಲಕ್ಕೆ ಹೋಲಿಸಿದ ವೇಗ ಹೇಳೋ ಜಿಪಿಎಸ್ 4 ತೋರಿಸುತ್ತಿತ್ತಾ?

ಪ್ರಶ್ನೆ ಕೇಳಿದವರು: ಹೌದು ಸರ್, ಹಾಗೇ ಇತ್ತು! ಕಾಳಿ ಅಳಿವೆ ಹತ್ತಿರ ಇಳಿತದ ನೀರಿಗೆ ಎದುರಾಗಿ ಒಳಗೆ ಬರ್ತಿದ್ವಿ.

ಉತ್ತರ: ಹಾಗಾದರೆ ಪ್ಲಾಟರ್‌ಗೆ ನೀರಿನ ವೇಗ ತಲುಪುತ್ತಿಲ್ಲ, ಜಿಪಿಎಸ್ ವೇಗದಲ್ಲೇ ಲೆಕ್ಕ ಹಾಕಿಕೊಳ್ಳುತ್ತಿದೆ. ಹಾಯಿ ತಿರುಗಿಸೋಕೆ ಬೇಕಾಗೋದು ನೀರಿನ ವೇಗದ ಲೆಕ್ಕ.

ಹಳೇ ಡಿಸ್‌ಪ್ಲೇಯ ಔಟ್‌ಪುಟ್ ಲ್ಯಾಪ್‌ಟಾಪ್‌ನಲ್ಲಿ ನೋಡಿ, ಡೇಟಾ ವೇಗ 4800 ಬಾಡ್. ಗಾಳಿ ಬರೋದು ಎಂಡಬ್ಲ್ಯೂವಿ (MWV) ಅನ್ನೋ ಹೆಸರಿನ ಸಾಲಿನಲ್ಲಿ. ಕೋನದ ಪಕ್ಕ ಆರ್ ಇದ್ದರೆ ಅಪರೆಂಟ್, ಟಿ ಇದ್ದರೆ ಟ್ರೂ. ನೀರಿನ ವೇಗ ವಿಎಚ್‌ಡಬ್ಲ್ಯೂ (VHW) ಸಾಲಿನಲ್ಲಿ. ಆ ಸಾಲು ಬರುತ್ತಿದ್ದರೆ ಕನ್ವರ್ಟರ್ ಸೆಟ್ಟಿಂಗ್‌ನಲ್ಲಿ ಅದನ್ನೂ ದಾಟಿಸಿ, ಪ್ಲಾಟರ್‌ನಲ್ಲಿ ನೀರಿನ ವೇಗ ಆರಿಸಿ. ಟಿ ಸಾಲನ್ನು ಮಾತ್ರ ತಡೆಯಿರಿ. ಅಪರೆಂಟ್ ಎಲ್ಲ ಕಡೆ ಹೋಗಲಿ, ಟ್ರೂ ಲೆಕ್ಕ ಒಂದೇ ಪೆಟ್ಟಿಗೆ ಮಾಡಲಿ. ಎರಡು ಕಡೆ ಲೆಕ್ಕ ಆದರೆ ಜಗಳ ತಪ್ಪಿದ್ದಲ್ಲ.

ವಿಎಚ್‌ಡಬ್ಲ್ಯೂ ಬೇರೆ ಪೆಟ್ಟಿಗೆಯಿಂದ ಬರುತ್ತಿದ್ದರೆ ಸುಮ್ನೆ ಎರಡು ವೈರ್ ಸೇರಿಸಿ ಟೇಪ್ ಸುತ್ತಬೇಡಿ. 0183ರಲ್ಲಿ ಒಂದು ತಂತಿಯಲ್ಲಿ ಮಾತಾಡೋದು ಒಬ್ಬರೇ, ಕೇಳೋರು ಹಲವರಿರಬಹುದು. ಇಬ್ಬರು ಮಾತಾಡಬೇಕಾದರೆ ಇಬ್ಬರ ಮಾತನ್ನೂ ಒಂದೇ ತಂತಿಗೆ ಸೇರಿಸೋ ಮಲ್ಟಿಪ್ಲೆಕ್ಸರ್ ಬೇಕು. ಹೋದಾಗ 2000 ಲೈನನ್ನೂ ನೋಡಿಬಿಡಿ: ಪವರ್ ಆಫ್ ಮಾಡಿ ಎರಡು ಡೇಟಾ ವೈರ್ ನಡುವೆ ಅಳೆದರೆ ಸುಮಾರು 60 ಓಂ ಬರಬೇಕು. 120 ಬಂದರೆ ಒಂದು ಟರ್ಮಿನೇಟರ್ (ಲೈನಿನ ತುದಿಗೆ ಹಾಕೋ ರೆಸಿಸ್ಟರ್) ಇಲ್ಲ ಅಂತ ಅರ್ಥ.

ಆ ತಳದ ಚಕ್ರವನ್ನೂ ತೆಗೆದು ಉಜ್ಜಿಸಿ. ಪಾಚಿ, ಚಿಪ್ಪು ಹತ್ತಿದರೆ ನಿಧಾನ ತಿರುಗುತ್ತೆ, ಆಮೇಲೆ ಟ್ರೂ ವಿಂಡ್ ಮತ್ತೆ ಸುಳ್ಳು.

ಮತ್ತೊಬ್ಬರು (ದಾವಣಗೆರೆ): ಮಧ್ಯೆ ಕೇಳ್ತಿದ್ದೀನಿ ಸರ್. ಕಾಲೇಜು ಪ್ರಾಜೆಕ್ಟ್‌ಗೆ ಇದೇ ಥರದ ಸೆನ್ಸರ್ ತಾರಸಿ ಮೇಲೆ ಹಾಕಿದ್ದೀವಿ. ಗಾಳಿ ಎದುರಿನಿಂದ ಬಂದರೂ ಸರಾಸರಿ ತೆಗೆದಾಗ ಹಿಂದಿನಿಂದ ಬಂದ ಹಾಗೆ ತೋರಿಸುತ್ತೆ.

ಉತ್ತರ: 350ಕ್ಕೂ 10ಕ್ಕೂ ನೇರ ಸರಾಸರಿ ಹಾಕಿದರೆ 180 ಬರುತ್ತೆ, ಅದೇ ತೊಂದರೆ. ಪ್ರತಿ ಕೋನದ ಸೈನ್, ಕೊಸೈನ್ ಬೇರೆ ಬೇರೆ ಕೂಡಿಸಿ, ಕೊನೆಗೆ ಆ ಎರಡು ಮೊತ್ತಕ್ಕೆ ಎಟ್ಯಾನ್2 (atan2) ಫಂಕ್ಷನ್ ಹಾಕಿ ಕೋನ ತೆಗೆಯಿರಿ.