ಡೇಟಾಬೇಸಿನ 'ಹಿಂಟ್'ಗೆ 'ಸೂಚನೆ' ಸರಿಯೇ?

ಎಲ್ಲರಿಗೂ ನಮಸ್ಕಾರ.

ಉಡುಪಿಯಲ್ಲಿ ಡಿಪ್ಲೊಮಾ ಮಕ್ಕಳಿಗೆ ಡೇಟಾಬೇಸ್ ಪಾಠ ಮಾಡುತ್ತೇನೆ. ಅವರಿಗಾಗಿ ಕನ್ನಡದಲ್ಲಿ ಒಂದು ಟಿಪ್ಪಣಿ ಬರೆಯುತ್ತಿದ್ದೇನೆ. ಕ್ವೆರಿಗೆ, ಅಂದರೆ ಡೇಟಾಬೇಸಿಗೆ ಕೇಳುವ ಪ್ರಶ್ನೆಗೆ, ಉತ್ತರ ಹುಡುಕುವ ದಾರಿಯ ಬಗ್ಗೆ ನಾವು ಕೊಡುವ ನೆರವಿನ ಮಾತೇ 'ಹಿಂಟ್'. ಆ ಪದದ ಹತ್ತಿರ ಬಂದು ನಿಂತುಬಿಟ್ಟಿದ್ದೇನೆ.

ನಾನು ಕೊಡುವ ಉದಾಹರಣೆ ಇದು. ಸಾವಿರ ಬೋಟುಗಳ ಟೇಬಲ್ ಇದೆ ಎನ್ನಿ. ಅದರಲ್ಲಿ 900 ಮಲ್ಪೆ ಬಂದರಿನವು. ಮಲ್ಪೆಯ ಬೋಟುಗಳಲ್ಲಿ ಈ ವಾರ ಲೈಸೆನ್ಸ್ ಮುಗಿಯುವವು ಯಾವುವು ಎಂದು ಕೇಳುತ್ತೇವೆ. ಬಂದರಿನ ಕಾಲಂಗೆ ಒಂದು ಇಂಡೆಕ್ಸ್ (ಬೇಕಾದ ಸಾಲುಗಳನ್ನು ಬೇಗ ಹುಡುಕಿಕೊಡುವ ಪಟ್ಟಿ), ತಾರೀಕಿನ ಕಾಲಂಗೆ ಇನ್ನೊಂದು ಇದೆ. ತಾರೀಕಿನದನ್ನು ಹಿಡಿದರೆ ಹತ್ತಿಪ್ಪತ್ತು ಸಾಲಿನಲ್ಲಿ ಕೆಲಸ ಮುಗಿಯುತ್ತದೆ. ಆದರೆ ನಾವು ಬಳಸುವ ಎಸ್‌ಕ್ಯೂಲೈಟ್ ಡೇಟಾಬೇಸಿನ ಪ್ಲಾನರ್‌ಗೆ, ಅಂದರೆ ಹುಡುಕುವ ದಾರಿ ಆರಿಸುವ ಭಾಗಕ್ಕೆ, ಟೇಬಲ್ಲಿನ ಒಳಗಿನ ಲೆಕ್ಕ ಗೊತ್ತಿಲ್ಲ. 'ಮಲ್ಪೆಗೆ ಸಮ' ಎಂಬ ಷರತ್ತಿಗೆ ಕೆಲವೇ ಸಾಲು ಸಿಗಬಹುದೆಂದು ಅಂದಾಜು ಮಾಡಿ, ಬಂದರಿನ ಇಂಡೆಕ್ಸನ್ನೇ ಹಿಡಿಯುತ್ತದೆ.

ನಾವು ನೆರವಾಗಬಹುದು. 'ಅನಲೈಸ್' ಎಂಬ ಆದೇಶ ಓಡಿಸಿದರೆ ಒಂದೊಂದು ಬಂದರಿಗೆ ಸರಾಸರಿ ಎಷ್ಟು ಸಾಲು ಎಂಬ ಲೆಕ್ಕ ಅದರ ಕೈಗೆ ಸಿಗುತ್ತದೆ. ಕ್ವೆರಿಯ ಒಂದು ಷರತ್ತಿಗೆ 'ಲೈಕ್ಲಿ' ಎಂದು ಬರೆದರೆ, ಆ ಷರತ್ತು ನಿಜವಾಗುವ ಸಾಧ್ಯತೆ 0.9375 ಎಂದು ಎಣಿಸುತ್ತದೆ. ಇವೆರಡರಲ್ಲೂ ತೀರ್ಮಾನ ಪ್ಲಾನರ್‌ನದೇ. ಇಂಥದ್ದೇ ಇಂಡೆಕ್ಸ್ ಬಳಸು ಎನ್ನುವ 'ಇಂಡೆಕ್ಸ್ಡ್ ಬೈ' ಹಾಗಲ್ಲ. ಹೇಳಿದ ಇಂಡೆಕ್ಸ್ ಬಳಸಲು ಆಗದಿದ್ದರೆ ಕ್ವೆರಿ ಓಡುವುದೇ ಇಲ್ಲ, ಎರರ್ ಬರುತ್ತದೆ.

ಈಗ ಪದಕ್ಕೆ ಬರುತ್ತೇನೆ. 'ಸೂಚನೆ' ಎಂದರೆ ಏನು? ಮಳೆಗಾಲದ ಪೇಪರ್ ನೋಡಿ. 'ಭಾರಿ ಮಳೆಯ ಸೂಚನೆ' ಎನ್ನುವಲ್ಲಿ ಅದು ಬರೀ ಲಕ್ಷಣ. ಅದೇ ಪುಟದಲ್ಲಿ 'ಕಡಲಿಗೆ ಇಳಿಯದಂತೆ ಮೀನುಗಾರರಿಗೆ ಸೂಚನೆ' ಎಂದರೆ ಪಾಲಿಸಲೇಬೇಕಾದ ಮಾತು. ಒಂದೇ ಪದ ಎರಡು ಕಡೆಗೂ ವಾಲುತ್ತದೆ, ಅಲ್ವಾ? ನನ್ನ ಪಾಠದಲ್ಲಿ ಈ ವ್ಯತ್ಯಾಸವೇ ಮುಖ್ಯ. ಜೊತೆಗೆ ಇಂಡೆಕ್ಸಿಗೆ 'ಸೂಚಿ' ಎಂದರಂತೂ 'ಸೂಚಿಯ ಸೂಚನೆ' ಎಂದಾಗಿ ಮಕ್ಕಳಿಗೆ ಸುಮ್ನೆ ಗೊಂದಲ. ಇಂಡೆಕ್ಸನ್ನು ಹಾಗೇ ಬಿಟ್ಟಿದ್ದೇನೆ.

ನನ್ನ ಮನಸ್ಸು 'ಸುಳಿವು' ಮತ್ತು 'ತಾಕೀತು' ಎಂಬ ಜೋಡಿಯ ಕಡೆಗಿದೆ. 'ಲೈಕ್ಲಿ' ಕೊಡುವುದು ಸುಳಿವು. 'ಇಂಡೆಕ್ಸ್ಡ್ ಬೈ' ಮಾಡುವುದು ತಾಕೀತು. 'ಸುಳಿವು' ಎಂದರೆ ಕಳ್ಳ, ಪೊಲೀಸ್ ನೆನಪಾಗುತ್ತದೆ ಎಂದು ಸಹೋದ್ಯೋಗಿಯೊಬ್ಬರು ಹೇಳಿದರು. ನನಗೆ ಅದು ತೊಡಕು ಅನಿಸಲಿಲ್ಲ. ಒಗಟು ಬಿಡಿಸುವಾಗಲೂ 'ಒಂದು ಸುಳಿವು ಕೊಡಿ' ಎನ್ನುತ್ತೇವೆ, ಉತ್ತರ ಹುಡುಕುವುದು ಕೇಳಿದವರ ಕೆಲಸ.

ಇನ್ನೊಂದು ಉಳಿದಿದೆ. ಕಾಲಂ ಹೆಸರಿನ ಮುಂದೆ ಪ್ಲಸ್ ಹಾಕಿದರೆ, ಆ ಷರತ್ತಿಗೆ ಇಂಡೆಕ್ಸ್ ಬಳಸಬೇಡ ಎಂದರ್ಥ. ಇದು ಸುಳಿವಲ್ಲ, ತಾಕೀತಿನಷ್ಟು ಬಿಗಿಯೂ ಅಲ್ಲ, ಬೇರೆ ದಾರಿ ಪ್ಲಾನರ್‌ಗೆ ತೆರೆದೇ ಇರುತ್ತದೆ. ಇದಕ್ಕೆ ನಿಮ್ಮ ಕಡೆ ಒಪ್ಪುವ ಮಾತು ಯಾವುದು?